ಡಿಶಿ ಎಂಬ ಗುಣವಾಚಕವೂ ನನ್ನ ಮಾನವೂ

ಅಮೆರಿಕದ ಪತ್ರಿಕೆಯೊಂದರ ವಿಮರ್ಶೆಯಲ್ಲಿ ಯಾರದೋ ಆತ್ಮಕಥೆಯನ್ನು 'ಡಿಶಿ' ಎಂದು ಹೊಗಳಿದ್ದನ್ನು ಓದಿ, ಡಿಶ್ ಎಂದ ಮೇಲೆ ಪಾಕಶಾಸ್ತ್ರವೇ ಇರಬೇಕೆಂದು ತೀರ್ಮಾನಿಸಿದ ನಾನು, ಆ ಪುಸ್ತಕವನ್ನು ತರಿಸಿ ಅಡುಗೆಯಲ್ಲಿ ಆಸಕ್ತಿಯುಳ್ಳ ಅತ್ತಿಗೆಗೆ ಉಡುಗೊರೆಯಾಗಿ ಕೊಟ್ಟೆ. ಎರಡೇ ದಿನದಲ್ಲಿ ಓದಿ ಮುಗಿಸಿದ ಅವರು, "ಇದರಲ್ಲಿ ಯಾರು ಯಾರನ್ನು ಬಿಟ್ಟರು, ಯಾರು ಯಾರ ಬೆನ್ನ ಹಿಂದೆ ಏನಂದರು ಎಂಬುದೆಲ್ಲ ಇದೆ, ಅಡುಗೆ ಮಾತ್ರ ಒಂದೂ ಇಲ್ಲ. ಎರಡನೆಯ ಭಾಗ ಬಂದಿದೆಯೇನೋ ನೋಡು" ಎಂದರು.

ಆಗ ನಿಘಂಟು ತೆರೆದೆ. ಡಿಶ್ ಎಂಬ ಪದದ ಮೂಲ ಲ್ಯಾಟಿನ್ನಿನ 'ಡಿಸ್ಕಸ್'. ಡಿಸ್ಕ್ ಮತ್ತು ಡೆಸ್ಕ್‌ಗಳೂ ಅದೇ ಬಸಿರಿನವು. (ಕಚೇರಿಯ ಸುದ್ದಿಗಳೆಲ್ಲ ಮೇಜಿನಿಂದ ಮೇಜಿಗೇ ಏಕೆ ಹರಿದಾಡುತ್ತವೆ ಎಂಬ ನನ್ನ ಬಹುಕಾಲದ ಸಂಶಯ ಇದರಿಂದ ಪರಿಹಾರವಾಯಿತೆಂದು ನಾನು ನಂಬಿದ್ದೇನೆ.) ತಟ್ಟೆಗೆ ಬಡಿಸುವುದು ಡಿಶ್ ಆದರೆ, ಅಮೆರಿಕದ ಆಡುಮಾತಿನಲ್ಲಿ ಪರರ ಸಂಗತಿಯನ್ನು ಕಿವಿಗೆ ಬಡಿಸುವುದೂ ಡಿಶ್ಶೇ, ಹಾಗೆ ಬಡಿಸುವ ಬರಹ, ಸಂದರ್ಶನ ಅಥವಾ ಮಾತುಕತೆ ಡಿಶಿ. ಚಾಡಿಗೆ ಕೆಡುಕಿನ ಉದ್ದೇಶವಿರುತ್ತದೆ, ಗಾಳಿಸುದ್ದಿಗೆ ಅಪ್ಪ ಅಮ್ಮ ಇರುವುದಿಲ್ಲ. ಡಿಶಿಯಾದದ್ದು ಬಹುಮಟ್ಟಿಗೆ ಬಾಗಿಲ ಒಳಗಿದ್ದವರೇ ಹೊರಗೆ ಬಂದು ಬಾಯಿ ಚಪ್ಪರಿಸುತ್ತ ಹೇಳಿದ್ದು. ನಮ್ಮ 'ರಸವತ್ತಾದ' ಎಂಬ ಮಾತು ಇದಕ್ಕೆ ಹತ್ತಿರವಾದರೂ ಅದು ಸುದ್ದಿಯನ್ನು ವರ್ಣಿಸುತ್ತದೆ, ಇದು ಸುದ್ದಿ ಹೇಳುವ ಬಗೆಯನ್ನೂ ವರ್ಣಿಸುತ್ತದೆ.

ಇಷ್ಟು ಕಲಿತವನು ಸುಮ್ಮನಿರಬಹುದಿತ್ತು. ಆದರೆ ಹೊಸ ಪದ ಸಿಕ್ಕರೆ ಅದನ್ನು ಯಾರ ಮೇಲಾದರೂ ಪ್ರಯೋಗಿಸುವವರೆಗೆ ನನಗೆ ನಿದ್ದೆ ಬರುವುದಿಲ್ಲ. ಬ್ರಿಟನ್ನಿನಲ್ಲಿರುವ ಹಿರಿಯ ಸಹೋದ್ಯೋಗಿಯೊಬ್ಬರೊಡನೆ ವಿಡಿಯೋ ಸಭೆ ನಡೆಯುತ್ತಿದ್ದಾಗ ಅವರ ಪತಿ ನಡುವೆ ಇಣುಕಿ, ತಮ್ಮ ಹಳೆಯ ಕಚೇರಿಯ ಒಳಗುಟ್ಟುಗಳನ್ನು ಹತ್ತು ನಿಮಿಷ ಸೊಗಸಾಗಿ ಬಣ್ಣಿಸಿ ಹೋದರು. ಸಭೆ ಮುಗಿದ ಕೂಡಲೇ ನಾನು ಆಕೆಗೆ ಮಿಂಚಂಚೆ ಬರೆದು, ನಿಮ್ಮ ಪತಿ ಈ ದಿನ ಬಹಳ ಡಿಶಿಯಾಗಿದ್ದರು, ಇನ್ನೊಮ್ಮೆ ಬಿಡುವಾಗಿ ಅವರೊಬ್ಬರನ್ನೇ ಭೇಟಿಯಾಗುವ ಆಸೆಯಿದೆ ಎಂದು ಒಕ್ಕಣಿಸಿದೆ. ಸಭೆಯಲ್ಲಿದ್ದ ಉಳಿದ ಆರು ಮಂದಿಗೂ ಅದರ ಪ್ರತಿ ಹೋಗುವಂತೆ ನೋಡಿಕೊಂಡೆ.

ಉತ್ತರ ಗಂಟೆಯೊಳಗೆ ಬಂತು: "ಅವರಿಗೆ ತಿಳಿಸಿದ್ದೇನೆ. ನಾಚಿಕೊಂಡಿದ್ದಾರೆ. ಮುಂದಿನ ಸಭೆಗೆ ಮೊದಲು ಕ್ಷೌರ ಮಾಡಿಸಿಕೊಳ್ಳುತ್ತಾರಂತೆ."

ಮತ್ತೆ ನಿಘಂಟು. ಮೊದಲ ಸಲ ನಾನು ಅವಸರದಲ್ಲಿ ಓದದೆ ಬಿಟ್ಟಿದ್ದ ಸಾಲಿನಲ್ಲಿ, ಬ್ರಿಟಿಷರ ಆಡುಮಾತಿನಲ್ಲಿ ಡಿಶಿ ಎಂದರೆ ನೋಡಿದವರ ಮನಸೆಳೆಯುವಂಥ ಚೆಲುವಿನವರು ಎಂದಿತ್ತು. 2020ರಲ್ಲಿ ರಿಷಿ ಸುನಕ್ ಅಲ್ಲಿನ ಹಣಕಾಸು ಸಚಿವರಾಗಿದ್ದಾಗ ಪತ್ರಿಕೆಗಳು ಅವರನ್ನು 'ಡಿಶಿ ರಿಷಿ' ಎಂದು ಕರೆದಿದ್ದವು. ಈಗ ನೆನಪಾಯಿತು. ಋಷಿಯ ಹೆಸರಿಟ್ಟುಕೊಂಡವರು ಹೀಗೆ ಹರಟೆಮಲ್ಲರಾದರೆ ಖಜಾನೆಯ ಗುಟ್ಟು ಉಳಿಯುವುದುಂಟೆ ಎಂದು ನಾನು ಅತ್ತಿಗೆಯ ಎದುರು ಮರುಗಿದ್ದೆನಲ್ಲ, ಅದೂ ನೆನಪಾಯಿತು. ಅಮೆರಿಕದ ಅರ್ಥವನ್ನೇ ಹಿಡಿದರೂ ಆ ಪದ ಹೆಚ್ಚಾಗಿ ಮಾತಿಗೆ, ಬರಹಕ್ಕೆ ಅಂಟುತ್ತದೆಯೇ ಹೊರತು ಆಡಿದ ಗಂಡಸಿಗೆ ಅಷ್ಟಾಗಿ ಅಲ್ಲ. ಆದ್ದರಿಂದ ನಾನು ಸಾಗರದ ಎರಡೂ ದಡಗಳಲ್ಲಿ ತಪ್ಪಿತಸ್ಥನಾಗಿದ್ದೆ.

ಕ್ಷಮೆ ಕೇಳಿ ಮೂರು ಪುಟ ಬರೆದೆ. ಮುಂದಿನ ಸಭೆಗೆ ನಾನು ಎರಡು ನಿಮಿಷ ತಡವಾಗಿ ಸೇರಿದಾಗ, ಆ ವಿಷಯಕ್ಕೆ ಯಾವ ಸಂಬಂಧವೂ ಇಲ್ಲದ ವಿಭಾಗಗಳವರೂ ಪರದೆಯ ಮೇಲೆ ನೆರೆದಿದ್ದರು, ಕ್ಷೌರವಾಗಿದ್ದ ಪತಿ ಮಹಾಶಯರು ಹೊಸ ಅಂಗಿ ತೊಟ್ಟು ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದರು, ಮತ್ತು ಯಾರೋ ಒಬ್ಬರು ನನ್ನ ಪತ್ರದ ಕಥೆಯನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದವರು ಥಟ್ಟನೆ ಮಾತು ನಿಲ್ಲಿಸಿದರು. ಆ ನಿರೂಪಣೆಗೆ ತಕ್ಕ ಗುಣವಾಚಕ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, ಎಲ್ಲರಿಗೂ ನಮಸ್ಕಾರ ಎಂದೆ.