ಸ್ಪಷ್ಟನೆ: ಎಂಟು ಸಾಂಗ್‌ಬುಕ್‌ಗಳೂ ನೆಲ್ಸನ್ ರಿಡಲ್ ಅವರದಲ್ಲ

ಜಾಝ್ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಅವರ ಎಂಟೂ ‘ಸಾಂಗ್‌ಬುಕ್’ ಆಲ್ಬಮ್‌ಗಳಿಗೆ (ಪ್ರತಿಯೊಂದೂ ಒಬ್ಬ ಸಂಯೋಜಕರ, ಗೀತರಚನೆಕಾರರ ಅಥವಾ ಅಂಥ ಜೋಡಿಯ ಹಾಡುಗಳ ಸಂಪುಟ) ವಾದ್ಯಸಂಯೋಜನೆ ಮಾಡಿದವರು ನೆಲ್ಸನ್ ರಿಡಲ್ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದರ ಮೂಲ ನನ್ನದೇ ಹಳೆಯ ಟಿಪ್ಪಣಿ. ಆ ಮಾತು ತಪ್ಪು. ಗಾಯಕಿಯ ಹೆಸರು ‘ಎಲ್ಲಾ’ ಎಂದಮಾತ್ರಕ್ಕೆ ಎಲ್ಲವನ್ನೂ ಒಬ್ಬರಿಗೇ ಕಟ್ಟಿಬಿಟ್ಟೆ!

ರಿಡಲ್ ಅವರದು ಮೂರು ಮಾತ್ರ: ಗರ್ಶ್ವಿನ್ (1959), ಜೆರೋಮ್ ಕರ್ನ್ (1963), ಜಾನಿ ಮರ್ಸರ್ (1964). 1956ರ ಕೋಲ್ ಪೋರ್ಟರ್ ಮತ್ತು ರಾಜರ್ಸ್-ಹಾರ್ಟ್ ಸಂಪುಟಗಳು ಬಡ್ಡಿ ಬ್ರೆಗ್‌ಮನ್ ಅವರವು. ಡ್ಯೂಕ್ ಎಲಿಂಗ್ಟನ್ ಸಂಪುಟದಲ್ಲಿ ಸ್ವತಃ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಇದ್ದರು. ಅರ್ವಿಂಗ್ ಬರ್ಲಿನ್ ಸಂಪುಟ ಪಾಲ್ ವೆಸ್ಟನ್ ಅವರದು, ಹೆರಾಲ್ಡ್ ಆರ್ಲೆನ್ ಸಂಪುಟ ಬಿಲ್ಲಿ ಮೇ ಅವರದು. ಆಲ್ಬಮ್‌ಗಳ ಮೇಲೆ ಮುದ್ರಿತವಾದ ಕಲಾವಿದರ ವಿವರವೇ ಇದಕ್ಕೆ ಆಧಾರ. ಬರೆಯುವಾಗ ನಾನು ಅದನ್ನು ತಿರುವಿ ನೋಡಬೇಕಿತ್ತು.

ಹಾಗೆಂದು ಎಲ್ಲಾ ಮತ್ತು ರಿಡಲ್ ಅವರ ಜೊತೆಗಾರಿಕೆ ಸಣ್ಣದೇನಲ್ಲ. ಗರ್ಶ್ವಿನ್ ಸಂಪುಟವೊಂದೇ ಐದು ಎಲ್‌ಪಿಗಳಷ್ಟು (ಗ್ರಾಮಫೋನ್ ತಟ್ಟೆಗಳಷ್ಟು) ದೊಡ್ಡದು. ಅದರಲ್ಲಿ ರಿಡಲ್ ತಂತಿವಾದ್ಯಗಳನ್ನು ದನಿಯ ಹಿಂದೆ ತೆಳುವಾಗಿ ಹರಡುತ್ತಾರೆ, ಗಾಯಕಿ ಉಸಿರೆಳೆದುಕೊಳ್ಳುವ ಜಾಗದಲ್ಲಷ್ಟೇ ಕಹಳೆಗಳನ್ನು ಮೊಳಗಿಸುತ್ತಾರೆ. ನನ್ನ ಕಿವಿಗೆ ಎಂಟರಲ್ಲಿ ಅದೇ ಮೇಲು. ಸಾಂಗ್‌ಬುಕ್ ಸರಣಿಯ ಹೊರಗೂ ಇಬ್ಬರೂ ಕೂಡಿ ದುಡಿದರು. 1982ರಲ್ಲಿ ಮತ್ತೊಂದು ಆಲ್ಬಮ್ ಬಂತು. ರಿಡಲ್ ತೀರಿಕೊಂಡದ್ದು 1985ರಲ್ಲಿ.

ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.