ಶೂ ಬದಲಾಯಿಸಿದ್ರೆ ನೋವು ಹೋಗಲ್ಲ, ಮನೆ ಬದಲಾಯಿಸುತ್ತೆ

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡೋರ ಮುಖ ಬಿಟ್ಟು ಕಾಲು ನೋಡಿ. ಒಬ್ಬರ ಶೂ ಅಟ್ಟೆ ಇಟ್ಟಿಗೆಯಷ್ಟು ದಪ್ಪ, ಪಕ್ಕದವರದ್ದು ಹವಾಯಿ ಚಪ್ಪಲಿಯಷ್ಟು ತೆಳು. ಇಬ್ಬರೂ ಓಟದ ಗ್ರೂಪಿನಲ್ಲಿ ಕೇಳೋದು ಮಾತ್ರ ಒಂದೇ ಪ್ರಶ್ನೆ: "ಮಂಡಿ ನೋವಿಗೆ ಯಾವ ಶೂ ಒಳ್ಳೇದು?" ಉತ್ತರ ಕೊಡೋಕೆ ಐವತ್ತು ಜನ ರೆಡಿ. ನನ್ನ ಪ್ರಕಾರ ಪ್ರಶ್ನೆಯೇ ಅಡ್ಡದಾರಿ.

ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮನ್ನು ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲದಿಂದ ವಾಪಸ್ ತಳ್ಳುತ್ತೆ. 70 ಕೆ.ಜಿ. ಇರೋರಿಗೆ ಸುಮಾರು 175 ಕೆ.ಜಿ. ಭಾರ ಹೊತ್ತ ಹಾಗೆ. ನಿಮಿಷಕ್ಕೆ 170 ಹೆಜ್ಜೆಯಂತೆ ಒಂದು ಗಂಟೆ ಓಡಿದರೆ ಒಂದೊಂದು ಕಾಲಿಗೂ ಐದು ಸಾವಿರ ಸಲ. ಈ ಭಾರವನ್ನು ಯಾವ ಶೂವೂ ಮಾಯ ಮಾಡಲ್ಲ. ಮಂಡಿಗೆ ಎಷ್ಟು, ಮೀನಖಂಡಕ್ಕೆ ಎಷ್ಟು, ಪಾದದ ಮೂಳೆಗೆ ಎಷ್ಟು ಅಂತ ಹಂಚೋದಷ್ಟೇ ಅದರ ಕೆಲಸ. ಅಣ್ಣತಮ್ಮಂದಿರ ಆಸ್ತಿ ಪಾಲಿನಂತೆ, ಒಬ್ಬನಿಗೆ ಕಡಿಮೆ ಮಾಡಿದ್ದು ಇನ್ನೊಬ್ಬನ ತಲೆಗೆ.

ಈ ಹಂಚಿಕೆಯಲ್ಲಿ ದೊಡ್ಡ ಕೈ "ಡ್ರಾಪ್"ನದು. ಹಿಮ್ಮಡಿ ಕೆಳಗಿನ ಅಟ್ಟೆ, ಮುಂಗಾಲಿನ ಕೆಳಗಿನ ಅಟ್ಟೆಗಿಂತ ಎಷ್ಟು ಎತ್ತರ ಅನ್ನೋದೇ ಡ್ರಾಪ್. ಹಳೇ ಮಾದರಿ ಶೂಗಳಲ್ಲಿ 10-12 ಮಿ.ಮೀ., ಈಗಿನ ಹಲವದರಲ್ಲಿ 4-8, ಕೆಲವದರಲ್ಲಿ ಸೊನ್ನೆ. ಹಿಮ್ಮಡಿಯಿಂದ ಮುಂಗಾಲಿನ ಉಬ್ಬಿಗೆ 18 ಸೆಂ.ಮೀ. ಅಂತ ಇಟ್ಟುಕೊಳ್ಳಿ. 10 ಮಿ.ಮೀ. ಡ್ರಾಪ್ ಅಂದ್ರೆ ಚಪ್ಪಟೆ ನೆಲದಲ್ಲೂ ಪಾದ ಶೇಕಡಾ 5ಕ್ಕೂ ಹೆಚ್ಚಿನ ಇಳಿಜಾರಿನಲ್ಲಿ ನಿಂತ ಹಾಗೆ. ಇಂಥ ಶೂನಲ್ಲಿ ಹಿಮ್ಮಡಿ ಮೊದಲು ನೆಲ ಮುಟ್ಟೋದು ಸಲೀಸು, ಕಾಲು ದೇಹದ ಮುಂದೆ ಬೀಳುತ್ತೆ, ಮಂಡಿಚಿಪ್ಪಿನ ಹಿಂದಿನ ಒತ್ತಡ ಏರುತ್ತೆ. ಮೀನಖಂಡಕ್ಕೆ ಮಾತ್ರ ಆರಾಮ.

ಡ್ರಾಪ್ ಇಳಿಸಿದರೆ ತಕ್ಕಡಿ ಆ ಕಡೆ ವಾಲುತ್ತೆ. 12ರಿಂದ 4ಕ್ಕೆ ಬಂದರೆ ಹಿಮ್ಮಡಿ 8 ಮಿ.ಮೀ. ಕೆಳಗೆ, ಕಾಲಿನ ಹರಡು, ಅಂದ್ರೆ ಪಾದದ ಕೀಲು, ಸುಮಾರು ಎರಡೂವರೆ ಡಿಗ್ರಿ ಹೆಚ್ಚು ಮಡಚಬೇಕು. ಕೇಳೋಕೆ ಏನೂ ಅಲ್ಲ. ಐದು ಸಾವಿರ ಸಲ ಆದಾಗ ಗೊತ್ತಾಗುತ್ತೆ. ಮಂಡಿ ಹಗುರ ಅನಿಸಿ "ಸೂಪರ್ ಶೂ ಗುರೂ" ಅಂತ ಸ್ಟೇಟಸ್ ಹಾಕಿದವರು ಮೂರನೇ ವಾರ ಹಿಮ್ಮಡಿ ಹಿಂದೆ ಐಸ್ ಇಟ್ಟುಕೊಂಡು ಕೂತಿರ್ತಾರೆ. ಅಲ್ಲಿ ನೋಯೋದು ಅಕಿಲಿಸ್. ನಾವು ನರ ಅಂತೀವಿ, ಅದು ನರ ಅಲ್ಲ, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರೋ ಹಗ್ಗ. ಸ್ನಾಯು ಕೆಲವೇ ವಾರದಲ್ಲಿ ಗಟ್ಟಿಯಾಗುತ್ತೆ, ಈ ಹಗ್ಗಕ್ಕೂ ಮೂಳೆಗೂ ತಿಂಗಳುಗಳೇ ಬೇಕು. ಎಡವಟ್ಟು ಆಗೋದು ಈ ಅಂತರದಲ್ಲೇ.

ಬರಿಗಾಲಲ್ಲೇ ಓಡಬೇಕು ಅನ್ನೋ ಅಲೆ ಎದ್ದಾಗ ಆಗಿದ್ದೂ ಇದೇ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ, ಬರಿಗಾಲಲ್ಲಿ ಓಡಿ ರೂಢಿಯಿರೋರು ಹೆಚ್ಚಾಗಿ ಮುಂಗಾಲಲ್ಲಿ ಇಳೀತಾರೆ, ಹಾಗಾಗಿ ಇಳಿದ ಕ್ಷಣದ ಹೊಡೆತ ಕಡಿಮೆ ಅಂತ ತೋರಿಸಿತು. ಜನ ಅದನ್ನು "ಬರಿಗಾಲಲ್ಲಿ ಓಡಿದ್ರೆ ಗಾಯವೇ ಇಲ್ಲ" ಅಂತ ಓದಿಕೊಂಡರು. 2013ರ ಒಂದು ಪ್ರಯೋಗದಲ್ಲಿ ಹತ್ತು ವಾರ ಐದು ಬೆರಳಿನ ತೆಳು ಶೂಗೆ ಬದಲಾದ ಹಲವರ ಪಾದದ ಮೂಳೆಯೊಳಗೆ ಊತ ಎಂಆರ್‌ಐನಲ್ಲಿ ಕಾಣಿಸಿತು. 2014ರಲ್ಲಿ ಆ ಶೂ ಮಾಡುವ ವೈಬ್ರಮ್ ಕಂಪನಿ ತನ್ನ ಜಾಹೀರಾತಿನ ಆರೋಗ್ಯದ ಮಾತುಗಳ ಮೇಲಿದ್ದ ಮೊಕದ್ದಮೆಯನ್ನು 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಹಾಗಂತ ಡ್ರಾಪ್ ಇಳಿಸಲೇಬಾರದು ಅಂತಲ್ಲ. ಇಳಿಸೋದಾದರೆ ಒಂದು ಸಲಕ್ಕೆ 4 ಮಿ.ಮೀ.ಗಿಂತ ಹೆಚ್ಚು ಬೇಡ. ಮೊದಲ ಎರಡು ವಾರ ಹೊಸ ಶೂನಲ್ಲಿ ವಾರಕ್ಕೆ ಎರಡು ಸಲ, 2 ಕಿ.ಮೀ. ಮಾತ್ರ, ಉಳಿದ ಓಟ ಹಳೇ ಶೂನಲ್ಲೇ. ಆಮೇಲೆ ವಾರಕ್ಕೆ ಒಂದೊಂದು ಕಿ.ಮೀ. ಏರಿಸಿ, ಎಂಟು ವಾರ ಕೊಡಿ. ಜೊತೆಗೆ ಮೆಟ್ಟಿಲಂಚಿನಲ್ಲಿ ಮುಂಗಾಲಿಟ್ಟು ಹಿಮ್ಮಡಿ ಏರಿಸಿ ಇಳಿಸೋದು, 15ರಂತೆ ಮೂರು ಸುತ್ತು. ಮಂಡಿ ನೇರ ಇಟ್ಟು ಒಮ್ಮೆ, ಸ್ವಲ್ಪ ಮಡಚಿ ಒಮ್ಮೆ. ಮಡಚಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಹೆಚ್ಚು ಕೆಲಸ ಬೀಳೋದು, ಎಲ್ಲರೂ ಬಿಡೋದೂ ಅದನ್ನೇ. ಬೆಳಗ್ಗೆ ಹಾಸಿಗೆಯಿಂದಿಳಿದ ಮೊದಲ ಹತ್ತು ಹೆಜ್ಜೆಯಲ್ಲಿ ಹಿಮ್ಮಡಿ ಹಿಂದೆ ಬಿಗಿ ಅನಿಸಿದರೆ ಒಂದು ವಾರ ಹಿಂದಕ್ಕೆ ಹೋಗಿ.

ಮಂಡಿ ನೋವಷ್ಟೇ ಸಮಸ್ಯೆ ಆದರೆ ಶೂಗೂ ಮೊದಲು ಹೆಜ್ಜೆ ಎಣಿಸಿ. ನಿಮಿಷಕ್ಕೆ 160 ಇದ್ದರೆ ಅದೇ ವೇಗದಲ್ಲಿ 168-170 ಮಾಡಿ. ಹೆಜ್ಜೆ ಗಿಡ್ಡವಾಗುತ್ತೆ, ಪಾದ ದೇಹದ ಹತ್ತಿರ ಬೀಳುತ್ತೆ, ಮಂಡಿ ಭಾರ ಇಳಿಯುತ್ತೆ. ತಾಳ ಹಾಕೋಕೆ ಫೋನಿನ ಮೆಟ್ರೊನೋಮ್ ಆ್ಯಪ್ ಬಿಟ್ಟಿ.

ಇನ್ನು ಮೆತ್ತನೆ ಅಟ್ಟೆ. ಹಾಸಿಗೆಯಂಥ ಶೂ ಹಾಕಿದರೆ ಹೊಡೆತ ಕಡಿಮೆ ಅಂತ ಎಲ್ಲರ ಲೆಕ್ಕ. ಆದರೆ ಕೆಳಗೆ ಮೆತ್ತಗಿದೆ ಅಂತ ಗೊತ್ತಾದ ತಕ್ಷಣ ಕಾಲು ತಾನೇ ಬಿಗಿಯಾಗುತ್ತೆ, ಮಂಡಿ ಕಡಿಮೆ ಮಡಚುತ್ತೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವೇಗದ ಓಟದಲ್ಲಿ ದಪ್ಪ ಅಟ್ಟೆಯವರ ಹೊಡೆತ ಮಾಮೂಲಿ ಶೂಗಿಂತ ಹೆಚ್ಚೇ ಇತ್ತು. ಕಲ್ಲಿನಂಥ ಶೂ ಹಾಕಿ ಅಂತಲೂ ಅಲ್ಲ, ಗಟ್ಟಿ ಅಟ್ಟೆಯವರಿಗೇ ಗಾಯ ಜಾಸ್ತಿ ಅಂದ ಪ್ರಯೋಗವೂ ಇದೆ. ಮಧ್ಯಮ ಸಾಕು. ನಮ್ಮೂರಿಗೆ ಇನ್ನೊಂದು ಲೆಕ್ಕ ಇದೆ: 40 ಮಿ.ಮೀ. ಎತ್ತರದ ಮೇಲೆ ನಿಂತು ಫುಟ್‌ಪಾತಿನ ಅಲ್ಲಾಡೋ ಚಪ್ಪಡಿ ಮೇಲೆ ಕಾಲಿಟ್ಟರೆ ಹರಡು ತಿರುಚೋ ಬಲ ತೆಳು ಶೂನಲ್ಲಿಗಿಂತ ಹೆಚ್ಚು. ಅಂಥ ಶೂ ಕಂಠೀರವ ಕಡೆಯ ರಸ್ತೆಗೆ ಸರಿ, ತುರಹಳ್ಳಿ ಕಾಡಿನ ಕಲ್ಲುದಾರಿಗೆ ಅಲ್ಲ.

ಅಟ್ಟೆಯೊಳಗೆ ಕೂರಿಸೋ ಗಟ್ಟಿ ಹಾಳೆ, ಅಂದ್ರೆ ಕಾರ್ಬನ್ ಪ್ಲೇಟ್ ಬಗ್ಗೆ ಚಿಕ್ಕದಾಗಿ. 2017ರಲ್ಲಿ ನೈಕಿ ಶುರು ಮಾಡಿದ, ಓಡೋಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 4ರ ಉಳಿತಾಯದ ಮಾತು ಗಂಟೆಗೆ 14-18 ಕಿ.ಮೀ. ಓಡೋರ ಮೇಲೆ ಅಳೆದದ್ದು. 10 ಕಿ.ಮೀ. ವೇಗಕ್ಕೆ ಅದು ಶೇಕಡಾ 1ರ ಆಸುಪಾಸು. ಅದರಲ್ಲೂ ಹೆಚ್ಚಿನ ಪಾಲು ಅಟ್ಟೆಯ ಫೋಮಿನದು. ಪ್ಲೇಟು ಮುಂಗಾಲು ಮಡಚೋದನ್ನು ತಡೆದು ಬೆರಳಿನ ಬುಡದ ಕೆಲಸ ಕಡಿಮೆ ಮಾಡುತ್ತೆ, ಪಾದದ ನಡುವಿನ ಮೂಳೆ ಬಿರುಕುಬಿಟ್ಟ ಕೆಲವು ಪ್ರಕರಣಗಳೂ 2023ರಲ್ಲಿ ವರದಿಯಾದವು. ರೇಸ್ ದಿನಕ್ಕೂ ಅದಕ್ಕೆ ಮುಂಚಿನ ಒಂದೆರಡು ವೇಗದ ಓಟಕ್ಕೂ ಇಟ್ಟುಕೊಳ್ಳಿ. ದಿನಾ ಲಾಲ್‌ಬಾಗ್ ಸುತ್ತೋಕೆ ಅದು ದಂಡ.

ಅಂಗಡಿಯಲ್ಲಿ ಟ್ರೆಡ್‌ಮಿಲ್ ಮೇಲೆ ಒಂದು ನಿಮಿಷ ಓಡಿಸಿ, "ಪಾದ ಒಳಗೆ ವಾಲುತ್ತೆ, ಅದನ್ನು ತಡೆಯೋ ಸ್ಟೆಬಿಲಿಟಿ ಶೂ ತಗೊಳ್ಳಿ" ಅಂತಾರಲ್ಲ. ಪಾದ ಒಳಗೆ ವಾಲೋದು ರೋಗ ಅಲ್ಲ, ಹೊಡೆತ ಹೀರೋ ಸಹಜ ಕ್ರಮ. ಪಾದದ ಕಮಾನು ನೋಡಿ ಶೂ ಹಂಚಿದರೆ ಗಾಯ ಇಳಿಯುತ್ತಾ ಅಂತ ಅಮೆರಿಕದ ಸೇನೆ, ವಾಯುಪಡೆ, ಮರೀನ್ ಮೂರರ ಹೊಸ ಸೈನಿಕರ ಮೇಲೂ ನೋಡಿದರು, ಇಳಿಯಲಿಲ್ಲ. ತೀರಾ ಹೆಚ್ಚು ವಾಲುವವರಿಗೆ ಲಾಭ ಇರಬಹುದು, ಎಲ್ಲರಿಗೂ ಅಲ್ಲ.

ಶೂ ಒಂದೇ ಕಡೆ ಸವೆದಿದೆ ಅಂತ ಗಾಬರಿಯಾಗೋ ಮೊದಲು ಎರಡೂ ಶೂ ಟೇಬಲ್ ಮೇಲಿಟ್ಟು ಹಿಂದಿನಿಂದ ನೋಡಿ. ಎರಡೂ ಹಿಮ್ಮಡಿಯ ಹೊರ ಅಂಚು ಸಮನಾಗಿ ಸವೆದಿದ್ದರೆ ಮಾಮೂಲು. ಒಂದೇ ಶೂ ವಾಲಿದ್ದರೆ ಮೊದಲು ರಸ್ತೆಯನ್ನು ಅನುಮಾನಿಸಿ. ಮಳೆನೀರು ಹರಿಯಲಿ ಅಂತ ರಸ್ತೆ ಅಂಚನ್ನು ಶೇಕಡಾ 2ರಷ್ಟು ಇಳಿಜಾರು ಮಾಡಿರ್ತಾರೆ. ದಿನಾ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ದಿನಾ ತಗ್ಗಿನಲ್ಲೇ. ವಾಹನ ಬಿಡದ ಕಡೆ ಸುತ್ತಿನ ದಿಕ್ಕು ಬದಲಾಯಿಸಿ ನೋಡಿ.

ಅಟ್ಟೆಯ ಪಕ್ಕದ ಫೋಮ್‌ನಲ್ಲಿ ಅಡ್ಡ ಸುಕ್ಕು ಆಳವಾಗಿ, ಹೆಬ್ಬೆರಳಿಂದ ಒತ್ತಿದಾಗ ಹೊಸದರಂತೆ ತಗ್ಗಿ ಏಳದಿದ್ದರೆ ಅದರ ಆಯಸ್ಸು ಮುಗೀತು. ಸಾಮಾನ್ಯವಾಗಿ 500-800 ಕಿ.ಮೀ. ಮಳೇಲಿ ನೆನೆದರೆ ಒಳ ಅಟ್ಟೆ ತೆಗೆದು, ನ್ಯೂಸ್‌ಪೇಪರ್ ತುರುಕಿ, ಫ್ಯಾನ್ ಕೆಳಗಿಡಿ. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರ್ ಡಿಕ್ಕಿಯಲ್ಲಿ ಮಾತ್ರ ಬೇಡ, ಗಮ್ ಕೈಕೊಡುತ್ತೆ.