ಕಪ್ಪು ಪಟ್ಟೆ ಖಾಲಿ ಜಾಗವಲ್ಲ
ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದ ಬಗೆಗಿನ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಕ್ಷೀರಪಥದ ನಡುವೆ ಕಾಣುವ ಕಪ್ಪು ಪಟ್ಟೆಯನ್ನು ‘ನಕ್ಷತ್ರಗಳೇ ಇಲ್ಲದ ಜಾಗ’ ಎಂದಿದ್ದೀರಿ. ಅದು ಸರಿಯಲ್ಲ. ಅಲ್ಲಿರುವುದು ದೂಳು. ಅದರ ಹಿಂದೆ ನಕ್ಷತ್ರಗಳು ಕಿಕ್ಕಿರಿದಿವೆ, ಅವುಗಳ ಬೆಳಕು ನಮ್ಮ ಕಣ್ಣಿನವರೆಗೆ ಬರುವುದಿಲ್ಲ ಅಷ್ಟೇ. ಆದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಮತ್ತು ರೇಡಿಯೋ ಅಲೆಗಳು ಈ ದೂಳನ್ನು ದಾಟಿ ಬರುತ್ತವೆ. ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿರುವ ಕ್ಷೀರಪಥದ ಕೇಂದ್ರದಲ್ಲಿ 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ ಅಂತ ಗೊತ್ತಾಗಿದ್ದೂ ಇವುಗಳಿಂದಲೇ. 2022ರ ಮೇ ತಿಂಗಳಲ್ಲಿ ಬಂದ ಅದರ ಚಿತ್ರ ರೇಡಿಯೋ ದೂರದರ್ಶಕಗಳದ್ದು.

ಇನ್ನೊಂದು ಮಾತು. ಕ್ಷೀರಪಥವನ್ನು ನೋಡಲು ವಿದೇಶಕ್ಕೆ ಹೋಗಬೇಕು ಎಂಬ ನಿಮ್ಮ ಸಾಲು ಓದಿ ಬೇಸರವಾಯಿತು. ಉತ್ತರ ಯುರೋಪಿನಲ್ಲಿ ಕ್ಷೀರಪಥದ ಕೇಂದ್ರ ದಿಗಂತಕ್ಕೆ ಅಂಟಿಕೊಂಡಿರುತ್ತದೆ ಅಥವಾ ಕಾಣುವುದೇ ಇಲ್ಲ. ಕರ್ನಾಟಕದಲ್ಲಿ ಅದು ದಿಗಂತಕ್ಕೂ ನೆತ್ತಿಗೂ ಮಧ್ಯದವರೆಗೆ ಏರುತ್ತದೆ. ಎಂಥ ಅದೃಷ್ಟ ಅಲ್ವಾ! ಏಪ್ರಿಲ್‌ನ ಅಮಾವಾಸ್ಯೆ ಹತ್ತಿರ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಊರ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ನೋಡಿ. ಮೊದಲು ಕೆಂಪಗಿನ ಜ್ಯೇಷ್ಠಾ ನಕ್ಷತ್ರ ಸಿಗುತ್ತದೆ. ಅಲ್ಲಿಂದ ವೃಶ್ಚಿಕದ ಬಾಲ ಹಿಡಿದು ಬನ್ನಿ. ಕೊಂಡಿಯ ಮೇಲೆ, ಸ್ವಲ್ಪ ಎಡಕ್ಕೆ, ಧನು ರಾಶಿಯ ಕಡೆಗೆ, ನಮ್ಮ ಗ್ಯಾಲಕ್ಸಿಯ ಕೇಂದ್ರವಿದೆ. ಮೊಬೈಲ್ ಮಾತ್ರ ಮುಟ್ಟಬೇಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು.